ಹನ್ನೊಂದು ಗಾಡಿಗಳ ವೀಳ್ಯ

ಒಂದು ಊರಿನ ಯೋಗ್ಯತೆಯನ್ನು ಅಲ್ಲಿ ಏನಿಲ್ಲ ಎಂಬುದರಿಂದ ಅಳೆಯಬಾರದು, ಏನಿದೆ ಎಂಬುದರಿಂದ ಅಳೆಯಬೇಕು. ಇದು ಗಂಭೀರವಾದ ಮಾತು, ನಿಜವೂ ಇದ್ದೀತು. ನಾನು ಇದನ್ನು ಮೊದಲು ಕೇಳಿದ್ದು ಚಿತ್ರದುರ್ಗದ ಒಂದು ಸಭಾಂಗಣದಲ್ಲಿ, ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದಾಗ. ನನ್ನ ಸರದಿ ಬರುವಷ್ಟರಲ್ಲಿ ಉಪ್ಪಿಟ್ಟು ಇರಲಿಲ್ಲ.

ಆ ಎರಡು ದಿನಗಳ ತರಬೇತಿಗೆ ಪಂಚಾಯ್ತಿಯವರು ಪ್ರತಿ ಊರಿನಿಂದ ಒಬ್ಬರನ್ನು ಕಳಿಸಬೇಕಿತ್ತು. ಓದು ಬರಹ ಬರಬೇಕು, ಬೇರೆ ಕೆಲಸ ಇರಬಾರದು. ಹೊಳಲ್ಕೆರೆ ತಾಲ್ಲೂಕಿನ ನಮ್ಮ ಸಣ್ಣ ಊರಿನಲ್ಲಿ ಈ ಎರಡು ಅರ್ಹತೆಗಳೂ ಒಂದೇ ಮೈಯಲ್ಲಿ ಕೂಡಿ ಬಂದಿದ್ದವನು ನಾನೊಬ್ಬನೇ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಪಾರ್ಸೆಲ್ ಗುಮಾಸ್ತನಾಗಿದ್ದು, ಕಡೆಯ ಒಂಬತ್ತು ವರ್ಷ ಚಿಕ್ಕಜಾಜೂರಿನಲ್ಲಿ ಕಳೆದು ನಿವೃತ್ತನಾಗಿದ್ದೆ. ಊರಿಗೆ ಬಂದು ನೆಲೆಸಿದ ಮೇಲೆ ಜನ ನನ್ನನ್ನು ಸ್ಟೇಷನ್ ಮಾಸ್ತರು ಎಂದು ಕರೆಯತೊಡಗಿದರು. ಇಲಾಖೆ ಕೊಡದ ಬಡ್ತಿಯನ್ನು ಊರು ಕೊಟ್ಟಿತು. ನಾನು ತಿದ್ದಲು ಹೋಗಲಿಲ್ಲ.

ತರಬೇತಿ ನನಗೆ ಹಿಡಿಸಿತು. ಊರಲ್ಲಿ ಇರುವುದನ್ನೆಲ್ಲ ಎಣಿಸಿ, ಒಂದೊಂದಕ್ಕೂ ಚೀಟಿ ಬರೆದು, ಅಂಟಿಸಿ, ಸಾಲಾಗಿ ಜೋಡಿಸಬೇಕು ಎಂದರು. ನಾನು ಮೂವತ್ತನಾಲ್ಕು ವರ್ಷ ಮಾಡಿದ್ದೂ ಅದನ್ನೇ. ಆಗ ಅದನ್ನು ಪೌರಪ್ರಜ್ಞೆ ಎಂದು ಯಾರೂ ಕರೆದಿರಲಿಲ್ಲ.

ನಮ್ಮ ಮನೆಯ ಎದುರು ಸಾಲಿನ ಮೂರನೆಯ ಮನೆಯಲ್ಲಿ ಒಬ್ಬಾಕೆ ಇದ್ದಳು. ಹದಿನಾರು ವರ್ಷ ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಡಿಗೆ ಮಾಡಿದವಳು. ಊರಿನ ಬಾಯಲ್ಲಿ ಆಕೆ ಬಿಸಿಯೂಟದಮ್ಮ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಹಿರಿಯೂರು ಕಡೆ ಯಲ್ಲದಕೆರೆಗೆ ಕೊಟ್ಟಿದ್ದಳು. ಐವತ್ತು ದಾಟುವಷ್ಟರಲ್ಲಿ ಆಕೆಯ ಎರಡೂ ಕಿಡ್ನಿ ಕೆಟ್ಟವು. ಮಂಗಳವಾರ ಒಂದು, ಶುಕ್ರವಾರ ಒಂದು, ವಾರಕ್ಕೆ ಎರಡು ಸಲ ಬೆಳಿಗ್ಗೆ ಎಂಟಕ್ಕೆ ದುರ್ಗದ ಆಸ್ಪತ್ರೆಯಲ್ಲಿ ಮಷೀನಿನ ಪಕ್ಕ ಮಲಗಬೇಕು, ನಾಲ್ಕು ಗಂಟೆ ರಕ್ತ ತೊಳೆಸಿಕೊಂಡು ಎದ್ದು ಬರಬೇಕು. ತಪ್ಪದೆ ಹೋದರೆ ಬದುಕುತ್ತಾಳೆ, ತಪ್ಪಿದರೆ ಇಲ್ಲ. ಡಾಕ್ಟರು ಇದನ್ನು ಆಕೆಗೆ ಇಷ್ಟೇ ಮಾತಿನಲ್ಲಿ ಹೇಳಿದ್ದರು. ಆಕೆ ನನಗೆ ಇನ್ನೂ ಕಡಿಮೆ ಮಾತಿನಲ್ಲಿ ಹೇಳಿದಳು.

"ಹೋಗ್ತಾ ಇರಬೇಕು ಅಣ್ಣ. ನಿಲ್ಸಿದ್ರೆ ನಿಂತೋಗ್ತೈತೆ."

ಎಂಟಕ್ಕೆ ದುರ್ಗ ಮುಟ್ಟಬೇಕಾದರೆ ನಮ್ಮೂರನ್ನು ಆರಕ್ಕೆ ಬಿಡಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಚಿಕ್ಕಜಾಜೂರಿನಿಂದ ರೈಲು ಇದೆ, ಆದರೆ ಅದರ ವೇಳೆಯನ್ನು ಗೊತ್ತುಮಾಡಿದವರು ಯಾರ ಕಿಡ್ನಿಯನ್ನೂ ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಹಾಗಾಗಿ ಆಕೆ ಹೋಗುತ್ತಿದ್ದದ್ದು ಹಾಲಿನ ಗಾಡಿಯಲ್ಲಿ. ಡೇರಿ ಕಟ್ಟೆಯಿಂದ ಕ್ಯಾನು ತುಂಬಿಕೊಂಡು ಆರಕ್ಕೆ ಹೊರಡುವ ಆ ಗಾಡಿಯ ಡ್ರೈವರು ಹೊಸದುರ್ಗ ಕಡೆಯವನು. ಯಾರೂ ಹೇಳದೆ, ಯಾರೂ ಕೇಳದೆ, ಎರಡು ವರ್ಷ ಆಕೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದ. ತಡವಾದರೆ ಹಾರನ್ ಹೊಡೆಯುತ್ತಿದ್ದ. ಎರಡು ಹಾರನ್ನಿಗೂ ಬಾರದಿದ್ದರೆ ಇಳಿದು ಬಂದು ಬಾಗಿಲು ಬಡಿಯುತ್ತಿದ್ದ.

"ಏಳಮ್ಮೋ, ಹಾಲು ಒಡೀತೈತೆ."

ಇಷ್ಟೇ ಆತನ ವೈದ್ಯಕೀಯ ಸಲಹೆ. ಎರಡು ವರ್ಷ ಅದು ನಡೆಯಿತು.

ತರಬೇತಿ ಕೊಟ್ಟ ಮೇಡಂ ಮುಂದಿನ ತಿಂಗಳು ನಮ್ಮೂರಿಗೇ ಬಂದರು. ವಯಸ್ಸು ಮೂವತ್ತರೊಳಗೆ, ಮನಸ್ಸು ಒಳ್ಳೆಯದು, ನಂಬಿಕೆ ಗಟ್ಟಿ. ಈ ಮೂರೂ ಒಟ್ಟಿಗೆ ಬಂದರೆ ಅದನ್ನು ತಡೆಯುವುದು ಕಷ್ಟ. ಸಮುದಾಯ ಭವನದ ಗೋಡೆಯ ತುಂಬ ಬಣ್ಣದ ಕಾರ್ಡು ಅಂಟಿಸಲು ಜಾಗ ಮಾಡಿಸಿ, ಜನರನ್ನು ನೆಲದ ಮೇಲೆ ಅರ್ಧಚಂದ್ರಾಕಾರವಾಗಿ ಕೂರಿಸಿದರು.

"ನಿಮ್ಮಲ್ಲಿ ಏನಿಲ್ಲ ಅಂತ ನಾನು ಕೇಳೋದಿಲ್ಲ. ಏನೇನಿದೆ ಹೇಳಿ. ಯಾರ ಹತ್ರ ಗಾಡಿ ಇದೆ?"

 ನಮ್ಮ ಕಡೆ ಯಾರಾದರೂ ಬಂದು ಏನಿಲ್ಲ ಎಂದು ಕೇಳಿದರೆ ಏನೋ ಕೊಡುತ್ತಾರೆ ಎಂದರ್ಥ. ಏನಿದೆ ಎಂದು ಕೇಳಿದರೆ ರೇಷನ್ ಕಾರ್ಡು ಕಿತ್ತುಕೊಳ್ಳುತ್ತಾರೆ ಎಂದರ್ಥ. ಡೇರಿ ಕಾರ್ಯದರ್ಶಿ ಎದ್ದು ನಿಂತ. ಊರಿನ ಪರವಾಗಿ ಮಾತಾಡುವ ಅಧಿಕಾರವನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ, ಆದ್ದರಿಂದ ಯಾರೂ ಕಿತ್ತುಕೊಳ್ಳುವಂತೆಯೂ ಇರಲಿಲ್ಲ.

"ಗಾಡಿ ಎಲ್ಲೈತೆ ಮೇಡಂ. ಬಡವರೂರು ಇದು."

"ಹೊರಗೆ ಬಿಳಿ ಕಾರು ನಿಂತಿದೆಯಲ್ಲ ಸರ್?"

"ಅದು ನಮ್ಮ ಭಾವಮೈದಂದು. ತೊಳೆಯಾಕೆ ಅಂತ ಬಿಟ್ಟೋಗ್ಯಾನೆ."

ಆ ದಿನ ಊರಿನ ಸಂಪತ್ತೆಂದು ಬರೆಸಿದ್ದು ಒಂದು ಅರಳಿಕಟ್ಟೆ, ಎರಡು ಭಜನಾ ತಂಡ, ಮತ್ತು ಒಗ್ಗಟ್ಟು. ಭಜನಾ ತಂಡ ಎರಡಾದದ್ದು ಒಗ್ಗಟ್ಟಿಲ್ಲದ್ದರಿಂದ. ಆದರೂ ನಾನು ಮೂರನ್ನೂ ಒಂದೇ ಸಾಲಿನಲ್ಲಿ ಅಂಟಿಸಿದೆ.

ಮರುದಿನ ಬೆಳಿಗ್ಗೆ ಪಕ್ಕದೂರಿನಲ್ಲಿ ನಲವತ್ತು ಕಾರ್ಡು ತುಂಬಿದ ಸುದ್ದಿ ಬಂತು.

"ನಲವತ್ತಾ? ಅವರ ಊರಾಗೆ ನಲವತ್ತು ಜನಕ್ಕೆ ಹಲ್ಲೂ ಇಲ್ಲ" ಎಂದ ಡೇರಿ ಕಾರ್ಯದರ್ಶಿ. "ಬರ್ರಿ, ಕುಂತ್ಕಳ್ರಿ, ಬರ್ಸಾಣ. ಮಾಸ್ತ್ರೇ, ಪೆನ್ನು ತಗೀರಿ."

ಬಿಳಿ ಕಾರು ಭಾವಮೈದನಿಂದ ಬಿಡಿಸಿಕೊಂಡು ಬಂತು. ಅದರ ಹಿಂದೆ ಊರಿನ ಸಕಲ ಚಕ್ರಗಳೂ ಬಂದವು. ಮಧ್ಯಾಹ್ನದೊಳಗೆ ಗೋಡೆಯ ಮೇಲೆ ಹನ್ನೊಂದು ಗುಲಾಬಿ ಕಾರ್ಡುಗಳಲ್ಲಿ ಹನ್ನೊಂದು ವಾಹನಗಳಿದ್ದವು. ಅವುಗಳಲ್ಲಿ ಒಂದು ಟ್ರೇಲರ್ ಇಲ್ಲದ ಟ್ರ್ಯಾಕ್ಟರು. ಒಂದು ಜೀಪು ಯುಗಾದಿಯಿಂದ ಹಿರಿಯೂರಿನ ಗ್ಯಾರೇಜಿನಲ್ಲಿ ಕಲ್ಲಿನ ಮೇಲೆ ನಿಂತಿತ್ತು. ಇನ್ನೊಂದು ನಿಜವಾಗಿಯೂ ಭಾವಮೈದನದು, ಹೊಸದುರ್ಗದಲ್ಲಿತ್ತು. ಹನ್ನೊಂದನೆಯದು ನನ್ನ ಸ್ಕೂಟರು.

ಮನುಷ್ಯರ ಕಾರ್ಡುಗಳೂ ತುಂಬಿದವು. ಕುರಿ ಕಾಯುವ ಅಜ್ಜನಿಗೆ 'ಮೋಡ ನೋಡಿ ಮಳೆ ಹೇಳುವುದು' ಎಂದು ಬರೆದೆ. "ಹೇಳೋದು ನಾನು ಹೇಳ್ತೀನಿ. ಬರೋದು ಬಿಡೋದು ಅದರಿಷ್ಟ, ಹಂಗಂತಾನೂ ಬರ್ಕಳ್ರಿ" ಎಂದ. ಜಾಗ ಇರಲಿಲ್ಲ.

ಕಡೆಗೆ ಬಿಸಿಯೂಟದಮ್ಮನ ಸರದಿ.

"ನನ್ನತ್ರ ಏನೈತವ್ವ. ಎರಡು ಕಿಡ್ನಿ ಅವೆ, ಬೇಕಾದ್ರೆ ಬರ್ಕಳ್ರಿ."

ಜನ ನಕ್ಕರು. ಮೇಡಂ ನಗಲಿಲ್ಲ. "ಏನೂ ಇಲ್ಲದವರು ಅಂತ ಯಾರೂ ಇಲ್ಲಮ್ಮ. ಯೋಚನೆ ಮಾಡಿ."

ಆಕೆ ಯೋಚನೆ ಮಾಡಿದಳು. "ಹಂಗಾದ್ರೆ ಹಾಲಿನ ಗಾಡಿ ಡ್ರೈವರ್ನ ಬರ್ಕಳ್ರಿ. ಅವನು ಕರ್ಕಂಡು ಹೋಗೋದ್ಕೇ ನಾನಿಲ್ಲಿ ಕುಂತಿರೋದು."

"ಅವರು ನಿಮ್ಮೂರಿನವರಾ?"

"ಅಲ್ಲ. ಹೊಸದುರ್ಗ ಕಡೆಯೋನು."

ಮೇಡಂ ಕೈಯಲ್ಲಿದ್ದ ಪುಸ್ತಿಕೆಯನ್ನು ತಿರುವಿ ನೋಡಿ, ಈ ಸುತ್ತಿನಲ್ಲಿ ಹೊರಗಿನವರನ್ನು ಸೇರಿಸುವಂತಿಲ್ಲ ಎಂದರು. ಸಭೆ ಕೂಡಿ ವಿಚಾರಿಸಿ ಆಕೆಯ ಕಾರ್ಡಿನ ಮೇಲೆ 'ತಾಳ್ಮೆ' ಎಂದು ಬರೆಸಿತು. ಅಕ್ಷರ ನನ್ನದು, ದುಂಡಗೆ ಬಂದಿತ್ತು.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮೇಡಂ ಗೋಡೆಯ ಕಡೆ ತಿರುಗಿ, ಏನೂ ಒಳಗಿಟ್ಟುಕೊಳ್ಳದೆ, ಸುಮ್ಮನೆ ಕೇಳಿದರು. "ಊರಲ್ಲಿ ಹನ್ನೊಂದು ಗಾಡಿ ಇದೆ. ಆದರೂ ಇವರು ಹಾಲಿನ ಗಾಡಿಯಲ್ಲಿ ಹೋಗ್ತಾರಾ?"

ಎರಡು ವರ್ಷ ಯಾರಿಗೂ ಕಾಣದ ಅವಮಾನ ಒಂದು ಕ್ಷಣದಲ್ಲಿ ಎಲ್ಲರಿಗೂ ಕಂಡಿತು.

"ನಮ್ಮೂರ ಹೆಣ್ಣುಮಗಳು ಕ್ಯಾನಿನ ಸಂದ್ಯಾಗೆ ಕುಂತು ಹೋಗೋದು ಅಂದ್ರೆ" ಎಂದು ಡೇರಿ ಕಾರ್ಯದರ್ಶಿ ಶುರುಮಾಡಿದ. ಆಕೆ ಕೂರುತ್ತಿದ್ದದ್ದು ಮುಂದಿನ ಸೀಟಿನಲ್ಲಿ. ಅದನ್ನು ಹೇಳಲು ಆಕೆ ಬಾಯಿ ತೆರೆದಳು.

"ನಂಗೇನೂ ತೊಂದ್ರೆ ಇಲ್ಲಪ್ಪ. ಅದೇ ಚೆನ್ನಾಗೈತೆ."

"ನಿಂಗಿಲ್ಲಮ್ಮ. ನಮಗೈತೆ."

ಹನ್ನೊಂದು ಗಾಡಿಗಳೂ ಪಾಳಿಯ ಮೇಲೆ ಆಕೆಯನ್ನು ದುರ್ಗಕ್ಕೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಪಾಳಿಯ ಹಿಂದಿನ ದಿನ ನೆನಪಿಸಲು ಫೋನಿನಲ್ಲಿ ಒಂದು ಗ್ರೂಪ್ ಮಾಡೋಣ ಎಂದು ಮೇಡಂ ಹೇಳಿದರು. ಸಭೆ ಅವರನ್ನು ಕನಿಕರದಿಂದ ನೋಡಿತು.

"ವೀಳ್ಯ ಹಿಡಿದ ಮ್ಯಾಲೆ ಫೋನ್ಯಾಕೆ ಮೇಡಂ."

ನಮ್ಮೂರಿನ ರೀತಿಯೊಂದನ್ನು ಇಲ್ಲಿ ಹೇಳಬೇಕು. ಕೆಲಸ ಆಗಬೇಕಾದವರು ಎಲೆ ಅಡಿಕೆ ಕೊಡುತ್ತಾರೆ, ಮಾಡಿಕೊಡುವವರು ಅದನ್ನು ತೆಗೆದುಕೊಳ್ಳುತ್ತಾರೆ. ಮದುವೆಯ ಅಡಿಗೆಯವರಿಗೆ, ಡೊಳ್ಳಿನವರಿಗೆ, ಮನೆ ಕಟ್ಟುವ ಮೇಸ್ತ್ರಿಗೆ, ಎಲ್ಲರಿಗೂ ಹೀಗೇ. ಒಮ್ಮೆ ವೀಳ್ಯ ಹಿಡಿದವನನ್ನು ಮತ್ತೆ ಕೇಳುವಂತಿಲ್ಲ. 'ನಾಳೆ ಬರ್ತೀಯಲ್ಲ' ಎಂದರೆ 'ನೀನು ಮಾತಿಗೆ ತಪ್ಪುವವನು' ಎಂದು ಮುಖಕ್ಕೆ ಹೇಳಿದಂತೆ. ಹಾಗೆ ಕೇಳಿದ ತಪ್ಪಿಗೆ, ಚಪ್ಪರದ ದಿನ ಹಂಡೆಯ ಕೆಳಗಿನ ಬೆಂಕಿಯನ್ನು ಹಾಗೇ ಬಿಟ್ಟು ಅಡಿಗೆಯವನು ಹೊರಟುಹೋದದ್ದನ್ನು ನಾನೇ ಕಂಡಿದ್ದೇನೆ. ಆ ಮದುವೆಯಲ್ಲಿ ಬೀಗರು ಮಂಡಕ್ಕಿ ತಿಂದರು.

ಮೇಡಂಗೆ ಇದು ಬಹಳ ಮೆಚ್ಚುಗೆಯಾಯಿತು. 'ವೀಳ್ಯದ ನಂಬಿಕೆ' ಎಂದು ಹಸಿರು ಕಾರ್ಡಿನ ಮೇಲೆ ಬರೆದು ಎಲ್ಲಕ್ಕಿಂತ ಮೇಲೆ ಅಂಟಿಸಿದರು.

ಭಾನುವಾರ ಭವನದಲ್ಲಿ ಹನ್ನೊಂದು ಜನ ಸಾಲಾಗಿ ಕುಳಿತೆವು. ನನ್ನನ್ನು ಮತ್ತು ಇನ್ನು ಮೂವರನ್ನು ಬಿಟ್ಟರೆ ಉಳಿದ ಏಳು ಜನ ಶಾಲೆಯಲ್ಲಿ ಆಕೆಯ ಕೈಯ ಸಾರು ಅನ್ನ ಉಂಡು ಬೆಳೆದವರು. ಆಕೆ ತಟ್ಟೆ ಹಿಡಿದು ಬಗ್ಗಿ ಒಬ್ಬೊಬ್ಬರಿಗೂ ವೀಳ್ಯ ಕೊಡುತ್ತ ಬಂದಳು. ಹಿಂದೆ ಬಡಿಸುತ್ತಿದ್ದಂತೆಯೇ ಎಡದಿಂದ ಬಲಕ್ಕೆ. "ತಗಳಪ್ಪ. ತಗಳಪ್ಪ." ನನ್ನ ಮುಂದೆ ಮಾತ್ರ "ತಗಳ್ರಿ ಅಣ್ಣ" ಎಂದಳು. ಫೋಟೋ ತೆಗೆದರು.

ಈ ಏರ್ಪಾಡಿನ ಬರವಣಿಗೆಯೆಲ್ಲ ನನ್ನದಾಗಿತ್ತು. ಉಪಕಾರ ಪಡೆದ ಮೇಲೆ ಒಂದು ಕಾಗದ ಬರೆಯುವುದು ಸಭ್ಯತೆ ಎಂದು ನನ್ನ ಕಾಲದವರು ಕಲಿತಿದ್ದೇವೆ. ಹೊಳಲ್ಕೆರೆಯಲ್ಲಿದ್ದ ಹಾಲಿನ ಗಾಡಿಯ ಮಾಲೀಕರಿಗೆ ಹೀಗೆ ಬರೆದೆ: "ಮಾನ್ಯರೇ, ತಮ್ಮ ವಾಹನದ ಚಾಲಕರು ಕಳೆದ ಎರಡು ವರ್ಷಗಳಿಂದ ನಮ್ಮ ಗ್ರಾಮದ ರೋಗಿಯೊಬ್ಬರನ್ನು ವಾರಕ್ಕೆ ಎರಡು ಬಾರಿ ಉಚಿತವಾಗಿ ಕರೆದೊಯ್ಯುತ್ತಿರುವುದು ಸರಿಯಷ್ಟೆ. ಸದರಿ ಉಪಕಾರಕ್ಕೆ ಗ್ರಾಮವು ಕೃತಜ್ಞವಾಗಿದೆ. ಇನ್ನು ಮುಂದೆ ಸದರಿ ರೋಗಿಯ ಸಾಗಣೆಯನ್ನು ಗ್ರಾಮವೇ ವಹಿಸಿಕೊಂಡಿರುವುದರಿಂದ ತಮ್ಮ ನೆರವಿನ ಅಗತ್ಯವಿರುವುದಿಲ್ಲ." ಓದಿ ನೋಡಿದೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಹಾಲಿನ ಗಾಡಿಯಲ್ಲಿ ಜನರನ್ನು ಕೂರಿಸಬಾರದೆಂಬ ಕಟ್ಟು ಇತ್ತು. ಡ್ರೈವರು ಎರಡು ವರ್ಷ ಅದನ್ನು ಮುರಿಯುತ್ತಿದ್ದ ಸಂಗತಿ ಮಾಲೀಕರಿಗೆ ಗೊತ್ತೇ ಇರಲಿಲ್ಲ. ನನ್ನ ಕೃತಜ್ಞತೆಯಿಂದ ಗೊತ್ತಾಯಿತು. ಮೂರನೆಯ ವಾರ ಗಾಡಿಗೆ ಹೊಸ ಡ್ರೈವರು ಬಂದ. ಹಳಬನ ಸುದ್ದಿ ಕೇಳಿದ್ದಕ್ಕೆ, "ನೀವೇ ಅಲ್ವೇನ್ರಿ ಕಾಗದ ಹಾಕಿದ್ದು" ಎಂದಷ್ಟೇ ಹೇಳಿ ಕ್ಯಾನು ಎತ್ತಿದ.

ಮೊದಲ ಪಾಳಿ ಡೇರಿ ಕಾರ್ಯದರ್ಶಿಯದು. ಕಾರಿಗೆ ಹೂವಿನ ಹಾರ ಹಾಕಿದ್ದ. ಆಕೆಯ ಜೊತೆ ಊರಿನ ನಾಲ್ವರು ಹಿರಿಯರೂ ಹೊರಟರು. ಸತ್ಕಾರ್ಯವಾದ್ದರಿಂದ ಹೊಳಲ್ಕೆರೆಯಲ್ಲಿ ಇಡ್ಲಿ ವಡೆಗೆ ನಿಲ್ಲಿಸಿದರು. ಆಕೆಗೆ ನೀರು ಕುಡಿಯುವುದಕ್ಕೂ ಅಳತೆ ಇತ್ತು, ಕಾರಿನಲ್ಲೇ ಕುಳಿತಿದ್ದಳು.

ಆಸ್ಪತ್ರೆ ಮುಟ್ಟಿದಾಗ ಒಂಬತ್ತು. ಮುಂದಿನ ರೋಗಿಯ ಹೊತ್ತು ಹತ್ತಿರವಾಗಿದ್ದರಿಂದ ನಾಲ್ಕು ಗಂಟೆಯ ಬದಲು ಮೂರು ಗಂಟೆ ಸಿಕ್ಕಿತು. ಎರಡನೆಯ ಪಾಳಿಯವನು ದಾರಿಯಲ್ಲಿ ಸಿರಿಗೆರೆಯ ಹಾಸ್ಟೆಲಿನಲ್ಲಿದ್ದ ಮಗಳಿಗೆ ಹಾಸಿಗೆ ಕೊಟ್ಟು ಹೋದ. ಸಿರಿಗೆರೆ ದುರ್ಗದ ದಾರಿಯಲ್ಲಿಲ್ಲ. ಮೂರನೆಯದು ಟ್ರ್ಯಾಕ್ಟರಿನ ಪಾಳಿ. ಅವನು ತನ್ನ ಪಾಳಿಯನ್ನು ನಾಲ್ಕನೆಯವನಿಗೆ ದಾಟಿಸಿದ. ನಾಲ್ಕನೆಯವನ ಜೀಪು ಹಿರಿಯೂರಿನ ಗ್ಯಾರೇಜಿನಲ್ಲಿತ್ತಾದ್ದರಿಂದ ಎರಡು ಪಾಳಿಗಳನ್ನೂ ಒಟ್ಟಿಗೆ ಮುಂದೆ ದಾಟಿಸಿದ. ಐದನೆಯ ಸಲಕ್ಕೆ ಯಾರ ಪಾಳಿ ಎಂಬುದು ಯಾರಿಗೂ ಖಚಿತವಿರಲಿಲ್ಲ. ಪಟ್ಟಿ ಭವನದ ಗೋಡೆಯ ಮೇಲಿತ್ತು, ಭವನಕ್ಕೆ ಬೀಗ ಹಾಕಿತ್ತು.

ಆ ಬೆಳಿಗ್ಗೆ ನಾನು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದೆ. ಆಕೆ ಬಟ್ಟೆಯ ಚೀಲ ಹಿಡಿದು ಡೇರಿ ಕಟ್ಟೆಯ ಬಳಿ ನಿಂತಿದ್ದಳು. ಆರಾಯಿತು. ಹಾಲಿನ ಗಾಡಿ ಬಂತು. ಹೊಸ ಡ್ರೈವರು ಕ್ಯಾನು ತುಂಬಿದ. ಆಕೆ ಅವನನ್ನು ನೋಡಿದಳು, ಅವನು ಆಕೆಯನ್ನು ನೋಡಿದ, ಗಾಡಿ ಹೋಯಿತು. ಆರೂವರೆಗೆ ಆಕೆ ವಾಪಸು ಬಂದಳು.

"ಯಾರೂ ಬರಲಿಲ್ವೇನಮ್ಮ?" ಎಂದೆ.

"ಏನೋ ಕೆಲ್ಸ ಬಿದ್ದಿರಬೇಕು ಅಣ್ಣ."

"ಒಂದು ಫೋನು..."

"ವೀಳ್ಯ ಕೊಟ್ಟೀನಿ. ಕೇಳಿದ್ರೆ ತಪ್ಪಾಗ್ತೈತೆ."

ನಾನೂ ಕೇಳುವಂತಿರಲಿಲ್ಲ. ಸಂಜೆ ಅರಳಿಕಟ್ಟೆಯಲ್ಲಿ ಡೇರಿ ಕಾರ್ಯದರ್ಶಿ ಸಿಕ್ಕಾಗ, ದುರ್ಗದಲ್ಲಿ ಇವತ್ತು ಬಿಸಿಲು ಜೋರಂತೆ ಎಂದೆ.

"ಯಾರು ಹೇಳಿದ್ರು?"

"ಹೋಗಿ ಬಂದೋರು ಹೇಳಿರಬೇಕು."

"ಯಾರು ಹೋಗಿದ್ರು?"

"ಅದೇ ನಾನೂ ನೋಡ್ತಿದೀನಿ."

ಅವನು ಬಾಯಲ್ಲಿದ್ದದ್ದನ್ನು ಉಗಿದು ಬಂದು ಕುಳಿತ. "ಏನ್ ಮಾಸ್ತ್ರೇ, ರೈಲ್ವೆ ಬುದ್ಧಿ ಇನ್ನೂ ಬಿಟ್ಟಿಲ್ಲ ನೀವು. ಗಾಡಿ ಎಷ್ಟು ಲೇಟು ಅಂತ ಊರ ಮುಂದೆ ಬೋರ್ಡ್ ಬರೀತೀರೇನು?"

ಸುತ್ತ ಇದ್ದವರು ನಕ್ಕರು. ಕುರಿ ಅಜ್ಜ ಕಂಬಳಿ ಝಾಡಿಸಿ ಎದ್ದ. "ನನ್ನವು ನೂರಾ ಹತ್ತು ಕುರಿ ಅವೆ. ಒಂದು ತಪ್ಪಿಸ್ಕಂಡ್ರೆ ನಾನೊಬ್ನೇ ಹೋಗಿ ಹುಡುಕ್ತೀನಿ. ಹನ್ನೊಂದು ಜನ ಕಾಯಾಕಿದ್ದಿದ್ರೆ ಒಬ್ನೂ ಹೋಗ್ತಿರ್ಲಿಲ್ಲ."

"ಲೇ ಅಜ್ಜ, ನಿನ್ನ ಮೋಡ ನೋಡ್ಕ ಹೋಗು" ಎಂದ ಕಾರ್ಯದರ್ಶಿ.

ಅಲ್ಲಿಂದ ಮುಂದೆ ಎರಡು ಸಲಕ್ಕೆ ಒಮ್ಮೆ ಯಾರಾದರೂ ಬರುತ್ತಿದ್ದರು. ಬಾರದ ದಿನಗಳಲ್ಲಿ ಆಕೆ ಆರೂವರೆವರೆಗೆ ನಿಂತು ಹಿಂದಿರುಗುತ್ತಿದ್ದಳು. ಒಂದು ದಿನ ಹೊಳಲ್ಕೆರೆ ರಸ್ತೆಯತ್ತ ತಾನೇ ನಡೆಯಲು ಹೊರಟಳು. ಗೂಡ್ಸ್ ಆಟೊದವನೊಬ್ಬ ಎದುರಿಗೆ ಬಂದವನು ಕತ್ತು ಆ ಕಡೆ ತಿರುಗಿಸಿಕೊಂಡು ಹೋದ. ಅವನೂ ಹನ್ನೊಂದರಲ್ಲಿ ಒಬ್ಬ. ನಿಲ್ಲಿಸಿದರೆ ಆ ದಿನದ ಪಾಳಿ ತನ್ನದೆಂದು ಒಪ್ಪಿಕೊಂಡಂತಾಗುತ್ತಿತ್ತು. ಕೆರೆ ಏರಿಯ ತನಕ ಹೋಗಿ ಉಸಿರು ಸಾಲದೆ ವಾಪಸಾದಳು.

ಮಗಳು ಯಲ್ಲದಕೆರೆಯಿಂದ ಫೋನಿನಲ್ಲಿ ಕರೆಯುತ್ತಿದ್ದಳು. ಇಲ್ಲಿಗೆ ಬಂದುಬಿಡು, ಹಿರಿಯೂರಿನಲ್ಲಿ ಏನಾದರೂ ಏರ್ಪಾಡು ನೋಡೋಣ ಎನ್ನುತ್ತಿದ್ದಳು. ಫೋನಿನ ಸ್ಪೀಕರು ಹಾಕಿಕೊಂಡು ಮಾತಾಡುವುದು ಬಿಸಿಯೂಟದಮ್ಮನ ರೂಢಿ, ನಮ್ಮ ಜಗಲಿಗೆ ಕೇಳುತ್ತಿತ್ತು.

"ಬಾರವ್ವ ಸುಮ್ನೆ."

"ಹೆಂಗ್ ಬರ್ಲಿ. ಹನ್ನೊಂದು ಜನ ವೀಳ್ಯ ತಗಂಡಾರೆ. ನಾನು ಎದ್ದು ಬಂದ್ರೆ ಅವರ ಮರ್ಯಾದೆ ಏನಾಗಬೇಕು?"

"ನಿನ್ನ ಜೀವ ಏನಾಗಬೇಕು?"

"ಊರಾಗೆ ಇರಬೇಕಲ್ಲವ್ವ ನಾನು."

ಮೂರನೆಯ ತಿಂಗಳಲ್ಲಿ ಮೇಡಂ ಒಂದು ಮಿನಿ ಬಸ್ಸಿನ ತುಂಬ ಜನರನ್ನು ಕರೆತಂದರು. ಹಿರಿಯೂರು, ಹೊಸದುರ್ಗ ತಾಲ್ಲೂಕಿನ ಊರುಗಳವರು, ನಮ್ಮ ಮಾದರಿಯನ್ನು ನೋಡಲು ಬಂದವರು. ನಾನು ಗೋಡೆಯ ಕಾರ್ಡುಗಳ ಧೂಳು ಒರೆಸಿ ಬಿದ್ದವುಗಳನ್ನು ಮತ್ತೆ ಅಂಟಿಸಿದ್ದೆ. ಬಿಸಿಯೂಟದಮ್ಮನನ್ನು ಮುಂದೆ ಕುರ್ಚಿಯ ಮೇಲೆ ಕೂರಿಸಿದರು. ಹಿಂದಿನ ಎರಡು ವಾರಗಳಲ್ಲಿ ಆಕೆ ದುರ್ಗಕ್ಕೆ ಹೋಗಿದ್ದದ್ದು ಒಂದೇ ಸಲ. ಮುಖ ಊದಿ ಕಣ್ಣು ಸಣ್ಣಗಾಗಿತ್ತು, ಪಾದಗಳು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ.

"ಪರವಾಗಿಲ್ವೇ, ಮೈ ಕೈ ತುಂಬಿಕೊಂಡವರೆ. ಊರು ಚೆನ್ನಾಗಿ ನೋಡ್ಕಂಡೈತೆ" ಎಂದರು ಹೊಸದುರ್ಗದ ಕಡೆಯ ಹೆಂಗಸೊಬ್ಬರು.

ಆಕೆಗೆ ಮಾತಾಡಲು ಹೇಳಿದರು. "ಹನ್ನೊಂದು ಜನ ಅವ್ರೆ. ಏಳು ಜನ ನಾನು ಉಣ್ಣಾಕಿಕ್ಕಿದ ಹುಡುಗ್ರೇ. ವೀಳ್ಯ ತಗಂಡಾರೆ." ಒಂದು ಪದವೂ ಸುಳ್ಳಲ್ಲ. ಬಂದವರು ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದ ಮೇಲೆ ಮೇಡಂ ಆಕೆಯ ಪಕ್ಕದಲ್ಲಿ ಮಂಡಿಯೂರಿ ಕುಳಿತು ಮೆಲ್ಲಗೆ ಕೇಳಿದರು. "ಅಮ್ಮ, ವಾರಕ್ಕೆ ಎರಡು ಸಲ ತಪ್ಪದೆ ಹೋಗ್ತಿದೀರಲ್ಲ?"

ಕುರ್ಚಿಯ ಹಿಂದೆ ನಾವು ಹನ್ನೊಂದು ಜನವೂ ನಿಂತಿದ್ದೆವು.

"ಹೂಂ" ಎಂದಳು.

ನಾನು ಹೇಳಬಹುದಿತ್ತು. ಕಾರ್ಡು ಅಂಟಿಸಿದವನು, ಪಟ್ಟಿ ಬರೆದವನು, ಪ್ರತಿ ಮಂಗಳವಾರ ಶುಕ್ರವಾರ ಜಗಲಿಯಿಂದ ನೋಡಿದವನು ನಾನೇ. ಮಿನಿ ಬಸ್ಸಿನವರಿಗೆ ಬಾಳೆಹಣ್ಣು ಹಂಚುವ ಕೆಲಸ ಬಾಕಿಯಿತ್ತು, ಆ ಕಡೆ ಹೋದೆ.

ಮೊದಲ ಸುತ್ತಿನ ನನ್ನ ಪಾಳಿ ದಾಟಿಸುವ ಗೊಂದಲದಲ್ಲಿ ಕಳೆದುಹೋಗಿತ್ತು. ಮುಂದಿನ ಶುಕ್ರವಾರ ಮತ್ತೆ ನನ್ನ ಪಾಳಿ. ಅದು ನನಗೆ ಖಚಿತವಾಗಿ ಗೊತ್ತಿತ್ತು, ಧೂಳು ಒರೆಸುವಾಗ ಪಟ್ಟಿಯನ್ನು ನೋಡಿದ್ದೆ. ಸ್ಕೂಟರಿನಲ್ಲಿ ಹೊಳಲ್ಕೆರೆಯವರೆಗೆ, ಅಲ್ಲಿಂದ ಬಸ್ಸು ಎಂದು ಲೆಕ್ಕ ಹಾಕಿಕೊಂಡಿದ್ದೆ. ಹಿಂದಿನ ಮಂಗಳವಾರ ಯಾರೂ ಬಂದಿರಲಿಲ್ಲ. ಆರಕ್ಕೆ ಹತ್ತು ನಿಮಿಷ ಇರುವಾಗಲೇ ಡೇರಿ ಕಟ್ಟೆಯ ಬಳಿ ಸ್ಕೂಟರು ನಿಲ್ಲಿಸಿದೆ. ಆಕೆ ಇರಲಿಲ್ಲ. ಆರಾಯಿತು. ಹಾಲಿನ ಗಾಡಿ ಬಂದು ಹೋಯಿತು. ಆರೂ ಹತ್ತಾಯಿತು. ಆಕೆಯ ಮನೆಯಲ್ಲಿ ದೀಪ ಉರಿಯುತ್ತಿದ್ದದ್ದು ಅಲ್ಲಿಂದಲೇ ಕಾಣುತ್ತಿತ್ತು.

ಹೋಗಿ ಬಾಗಿಲು ಬಡಿಯಬಹುದಿತ್ತು. ಹಾಗೆ ಮಾಡಿದರೆ ನಾನು ಆಕೆಗೆ ನೆನಪಿಸಿದಂತಾಗುತ್ತದೆ, ವೀಳ್ಯ ಕೊಟ್ಟವಳಿಗೆ ನೆನಪಿಸುವುದೂ ಅವಮಾನವೇ ಅಲ್ಲವೇ ಎಂದು ತರ್ಕಿಸಿದೆ. ನಮ್ಮೂರಲ್ಲಿ ಅಂಥ ಕಟ್ಟು ಇಲ್ಲ. ಆ ಬೆಳಿಗ್ಗೆ ನಾನೇ ಮಾಡಿದ್ದು. ಊದಿದ ಆ ಮೈಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗುಂಡಿಬಿದ್ದ ರಸ್ತೆಯಲ್ಲಿ ಹೋಗುವುದು ನನ್ನ ಸೊಂಟಕ್ಕೆ ಆಗುವ ಕೆಲಸವೂ ಆಗಿರಲಿಲ್ಲ. ಜೇಬಿನ ಪುಸ್ತಕ ತೆಗೆದು ಬಂದ ವೇಳೆ, ಬಿಟ್ಟ ವೇಳೆ ಎರಡನ್ನೂ ಬರೆದುಕೊಂಡೆ. ಮನೆಗೆ ಬಂದು ಎರಡನೆಯ ಕಾಫಿ ಕುಡಿದೆ.

ಒಂಬತ್ತರ ಸುಮಾರಿಗೆ ಮೊರ ಕೇಳಲು ಹೋದ ಪಕ್ಕದ ಮನೆಯವಳು ಕೂಗಿಕೊಂಡಳು. ಆಕೆ ಬಾಗಿಲ ಹಿಂದೆ ಗೋಡೆಗೆ ಒರಗಿ ಕುಳಿತಿದ್ದಳು. ಸೀರೆ ಉಟ್ಟು ತಲೆ ಬಾಚಿಕೊಂಡಿದ್ದಳು, ಚೀಲ ಮಡಿಲಲ್ಲಿತ್ತು. ಎದ್ದು ನಿಲ್ಲಲು ಆಗಿರಲಿಲ್ಲ. ಉಸಿರು ಗೊರಗೊರ ಎನ್ನುತ್ತಿತ್ತು.

ಎರಡು ನಿಮಿಷದಲ್ಲಿ ಡೇರಿ ಕಾರ್ಯದರ್ಶಿಯ ಕಾರು ಬಾಗಿಲಿಗೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಓಡುವ ಸ್ಥಿತಿಯಲ್ಲಿದ್ದ ಏಳು ಗಾಡಿಗಳೂ ಹೊರಟವು. ಯಾರ ಪಾಳಿ ಎಂದು ಯಾರೂ ಕೇಳಲಿಲ್ಲ. ಹೊಳಲ್ಕೆರೆ ಇನ್ನೂ ಮುಂದಿರುವಾಗಲೇ ಕಾರಿನಲ್ಲಿ ಆಕೆಯ ಉಸಿರು ನಿಂತಿತು. ಏಳೂ ಗಾಡಿಗಳು ತಿರುಗಿ, ಸಾಲು ತಪ್ಪದೆ, ಊರಿಗೆ ಬಂದವು. ಸಂಜೆ ಸೌದೆ ತರಲು ಟ್ರ್ಯಾಕ್ಟರಿಗೆ ಟ್ರೇಲರೂ ಸಿಕ್ಕಿತು.

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದ ಮೇಲೆ ಮಗಳು ನಮ್ಮ ಜಗಲಿಯ ಹತ್ತಿರ ಬಂದು ನಿಂತಳು.

"ಶುಕ್ರವಾರ ಯಾರ ಪಾಳಿ ಇತ್ತು ಮಾಮ?"

"ನಂದೇ ಕಣಮ್ಮ. ಆರಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಿದ್ದೆ."

"ಬಾಗ್ಲು ಬಡಿದ್ರಾ?"

"ಕಟ್ಟೆ ಹತ್ರ ಕಾಯ್ತಿದ್ದೆ."

 "ಎಷ್ಟೊತ್ತು?"

ಜೇಬಿನ ಪುಸ್ತಕ ನೋಡಿ, ಇಪ್ಪತ್ತು ನಿಮಿಷ ಎಂದೆ. ಅವಳು ಸೆರಗು ಸರಿಮಾಡಿಕೊಂಡು ತಾಯಿಯ ಮನೆಯೊಳಗೆ ಹೋದಳು. ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು ಕೇಳುತ್ತಿತ್ತು.

ಮಂಗಳವಾರ ಮತ್ತು ಶುಕ್ರವಾರ ಎಂಟು ಗಂಟೆಯ ಆ ಹಾಸಿಗೆಯನ್ನು ಆಸ್ಪತ್ರೆಯವರು ಮುಂದಿನ ವಾರ ಹಿರಿಯೂರು ಕಡೆಯ ಒಬ್ಬರಿಗೆ ಕೊಟ್ಟರು.